ಚರ್ಮಕ್ಕೆ ಗೊತ್ತಿಲ್ಲದ ಜಾತಿ

ನಮ್ಮ ಅಜ್ಜಿ ಸೂಲಗಿತ್ತಿ. ಊರಿನ ಎರಡು ತಲೆಮಾರಿನ ಮಕ್ಕಳು ಅವಳ ಕೈಮೇಲೆ ಭೂಮಿಗೆ ಬಂದವು. ನಮ್ಮ ಹಟ್ಟಿಯ ಮಕ್ಕಳಷ್ಟೇ ಅಲ್ಲ, ಊರೊಳಗಿನ ಗೌಡರ ಮನೆ ಮಕ್ಕಳೂ. ಹೊಕ್ಕಳಬಳ್ಳಿ ಕೊಯ್ಯೋದು, ಕಸ ಎತ್ತಿ ಹೂಳೋದು, ಬಾಣಂತಿಯ ಬಟ್ಟೆ ಒಗೆಯೋದು ಎಲ್ಲಾ ಅವಳದೇ. ಆಮೇಲೆ ದಿನಾ ಬೆಳಗ್ಗೆ ಬಾಣಂತಿಯ ಸೊಂಟಕ್ಕೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯಬೇಕು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ನೆತ್ತಿಯಿಂದ ಅಂಗಾಲಿನವರೆಗೆ ನೀವಬೇಕು. ಎಣ್ಣೆ ಹಚ್ಚಿದ ಆ ಕೈಗೆ ಆ ಹತ್ತು ದಿನ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ.

ಹನ್ನೊಂದನೇ ದಿನ ಪುರುಡು ಕಳೆಯುತ್ತಿತ್ತು. ಮನೆ ಸಾರಿಸಿ, ಗಂಜಲ ಚಿಮುಕಿಸುತ್ತಿದ್ದರು. ಅಲ್ಲಿಂದಾಚೆಗೆ ಅಜ್ಜಿ ಜಗಲಿಯ ಕೆಳಗೆ. ಒಂದು ಮೊರ ರಾಗಿ, ಒಂದು ಹಳೇ ಸೀರೆ, ಎಲೆ ಅಡಿಕೆ ಮೇಲಿನಿಂದ ಅವಳ ಸೆರಗಿಗೆ ಬೀಳುತ್ತಿದ್ದವು. ಬಾಯಾರಿದರೆ ಬೊಗಸೆ ಒಡ್ಡಬೇಕು, ಮೇಲಿಂದ ನೀರು ಹುಯ್ಯುತ್ತಿದ್ದರು. ಹಿಂದಿನ ದಿನ ಅದೇ ಬೊಗಸೆಯಿಂದ ಆ ಮನೆಯ ಕೂಸಿನ ಮುಖ ತೊಳೆದಿದ್ದಳು.

ಅಜ್ಜಿ ಹಾಸಿಗೆ ಹಿಡಿದ ವರ್ಷ ಆ ಮನೆಯ ಮಗ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತ. ಓಟು ಕೇಳೋಕೆ ಹಟ್ಟಿಗೆ ಬಂದ. ಅಂಗಳದಲ್ಲೇ ನಿಂತು ಕೈ ಮುಗಿದ. 'ಒಳಗೆ ಬನ್ನಿ' ಅಂದರೆ 'ಇರ್ಲಿ ಇರ್ಲಿ, ಇನ್ನೂ ನಾಕು ಬೀದಿ ಐತೆ' ಅಂದ. ಅವನು ಹೋದ ಮೇಲೆ ಅಜ್ಜಿ ನಕ್ಕಳು. 'ಇವನ ಮೂಗು ಚಪ್ಪಟೆ ಇತ್ತು ಕಣ್ ಮಗ. ದಿನಾ ಎಣ್ಣೆ ಹಚ್ಚಿ ನೀವಿ ನೀವಿ ನಾನೇ ಎತ್ತಿದ್ದು. ಅವನ ಮೈಗೆ ನನ್ ಕೈ ಗೊತ್ತು. ಅವನಿಗೆ ಗೊತ್ತಿಲ್ಲ.'

ಮೈಗೆ ಗೊತ್ತಿರೋದು ಮನುಷ್ಯನಿಗೆ ಗೊತ್ತಿಲ್ಲದೆ ಇರೋದು ಹೇಗೆ? ಮೈಲಿಗೆ ಅನ್ನೋದು ಚರ್ಮದಲ್ಲಿ ಇದೆಯಾ, ಇಲ್ಲ ಬೇರೆ ಎಲ್ಲೋ ಇದೆಯಾ? ಈ ಪ್ರಶ್ನೆಯನ್ನು ನಾವು ಇದುವರೆಗೆ ಶಾಸ್ತ್ರ, ಕಾನೂನು, ರಾಜಕೀಯದ ಕಡೆಯಿಂದ ಕೇಳಿದ್ದೇವೆ. ಕೇಳಬೇಕಾದದ್ದೇ. ಇವತ್ತು ಇನ್ನೊಂದು ಕಡೆಯಿಂದ, ನರ ಮತ್ತು ಮಿದುಳಿನ ವಿಜ್ಞಾನದ ಕಡೆಯಿಂದ ಕೇಳೋಣ. ಮಾಲೀಶು ಮಾಡುವ ಕೈಯಿಂದಲೇ ಶುರು ಮಾಡೋಣ.

ಚರ್ಮದ ಕೆಳಗೆ ಹಲವು ಬಗೆಯ ನರತಂತುಗಳಿವೆ. ದಪ್ಪನೆಯವು ಏನು ತಾಗಿತು, ಎಲ್ಲಿ ತಾಗಿತು, ಎಷ್ಟು ಒತ್ತಿತು ಎಂಬ ಸುದ್ದಿಯನ್ನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಒಯ್ಯುತ್ತವೆ. ಸಣ್ಣ ತಂತುಗಳು ನೋವು, ಬಿಸಿ, ತಂಪಿನ ಸುದ್ದಿಯನ್ನು ನಿಧಾನವಾಗಿ ಒಯ್ಯುತ್ತವೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಮೆಣಸಿನಕಾಯಿಯ ಖಾರದ ಬೆನ್ನು ಹತ್ತಿ, ನರದ ತುದಿಯಲ್ಲಿ ಒಂದು ಬಾಗಿಲು ಕಂಡುಹಿಡಿದರು. ಸುಡುವ ಬಿಸಿಗೂ ಖಾರಕ್ಕೂ ತೆರೆಯೋದು ಅದೇ ಬಾಗಿಲು. 2010ರಲ್ಲಿ ಆರ್ಡೆಮ್ ಪಟಪೌಟಿಯನ್ ತಂಡ ಒತ್ತಿದರೆ ತೆರೆಯುವ ಬಾಗಿಲುಗಳನ್ನು ಕಂಡುಹಿಡಿಯಿತು. ಇಬ್ಬರಿಗೂ ಸೇರಿ 2021ರ ನೊಬೆಲ್ ಬಂತು. ಗೌಡನ ನಾಲಿಗೆಯಲ್ಲೂ ಆಳಿನ ನಾಲಿಗೆಯಲ್ಲೂ ಮೆಣಸಿನಕಾಯಿ ತಟ್ಟೋದು ಒಂದೇ ಬಾಗಿಲನ್ನು. ಬಾರುಕೋಲು ಬಿದ್ದರೆ ತೆರೆಯುವ ಬಾಗಿಲಿಗೂ ಕೇರಿ ಯಾವುದು ಅಂತ ಗೊತ್ತಿಲ್ಲ.

ಇನ್ನೊಂದು ಬಗೆಯ ಸಣ್ಣ ತಂತುಗಳಿವೆ. ಸ್ವೀಡನ್ನಿನ ಓಕೆ ವಾಲ್ಬೋ, ಹೋಕಾನ್ ಊಲೌಸನ್ ಮುಂತಾದವರು ಇವನ್ನು ಮನುಷ್ಯರಲ್ಲಿ ವರ್ಷಗಟ್ಟಲೆ ಹುಡುಕಿ ಅಭ್ಯಾಸ ಮಾಡಿದರು. ಮುಖ್ಯವಾಗಿ ಕೂದಲಿರುವ ಚರ್ಮದಲ್ಲಿ ಇವು ಇರುತ್ತವೆ. ಚುಚ್ಚಿದರೆ ಅಲ್ಲ, ಮೆಲ್ಲಗೆ ನೇವರಿಸಿದರೆ ಎಚ್ಚರಗೊಳ್ಳುತ್ತವೆ. ಎಷ್ಟು ಮೆಲ್ಲಗೆ? 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಕೈ ಆಡಿದರೆ ಈ ತಂತುಗಳು ಚೆನ್ನಾಗಿ ದನಿ ಮಾಡುತ್ತವೆ. ಜನ 'ಹಿತವಾಗಿದೆ' ಅನ್ನೋದೂ ಅದೇ ವೇಗಕ್ಕೆ. ಅದಕ್ಕಿಂತ ಬಿರುಸಾದರೂ ಇಲ್ಲ, ತೀರಾ ಎಳೆದಾಡಿದರೂ ಇಲ್ಲ. ಕಾಯಿಲೆಯಿಂದ ದಪ್ಪ ನರಗಳನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಅಧ್ಯಯನ 2002ರಲ್ಲಿ ಬಂತು. ತನ್ನನ್ನು ಏನು ತಾಗಿತು ಅಂತ ಆಕೆಗೆ ಹೇಳೋಕೆ ಬರುತ್ತಿರಲಿಲ್ಲ. ಆದರೆ ತೋಳನ್ನು ಮೆದು ಕುಂಚದಿಂದ ಸವರಿದರೆ ಎಲ್ಲೋ ಹಿತವಾದಂತೆ ಮಸುಕಾಗಿ ತಿಳಿಯುತ್ತಿತ್ತು.

ಅಜ್ಜಿಗೆ ಸೆಂಟಿಮೀಟರು ಗೊತ್ತಿರಲಿಲ್ಲ. ಸೊಸೆಯಂದಿರಿಗೆ ಕಲಿಸುವಾಗ 'ಬಿರ್‍ರನೆ ತಿಕ್ಕಬೇಡ, ಕೂಸು ಬೆಚ್ಚುತ್ತೆ. ಉಸಿರು ಎಳೆದು ಬಿಡೋ ಹೊತ್ತು ಒಂದು ಸಲ ಕೈ ಇಳಿಸು' ಅನ್ನುತ್ತಿದ್ದಳು.

ನೋವಿನ ವಿಚಾರಕ್ಕೆ ಬರೋಣ. ಮಂಡಿ ತಗುಲಿಸಿಕೊಂಡ ಮಗು ಏನು ಮಾಡುತ್ತೆ? ತಕ್ಷಣ ಆ ಜಾಗ ಉಜ್ಜಿಕೊಳ್ಳುತ್ತೆ. ಯಾಕೆ ಉಜ್ಜಿದರೆ ನೋವು ತಗ್ಗುತ್ತೆ ಅನ್ನೋದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ. ನೋವಿನ ಸುದ್ದಿ ಅದನ್ನು ದಾಟಿ ಮಿದುಳಿಗೆ ಹೋಗಬೇಕು. ಉಜ್ಜಿದಾಗ ಸ್ಪರ್ಶದ ಸುದ್ದಿ ಬಂದು ಗೇಟನ್ನು ಅರೆ ಮುಚ್ಚುತ್ತದೆ. ಮಿದುಳೂ ಮೇಲಿನಿಂದ ಆ ಗೇಟನ್ನು ತೆಗೆಯಬಲ್ಲದು, ಮುಚ್ಚಬಲ್ಲದು. ಅವರು ಬರೆದ ನಕ್ಷೆಯ ಎಷ್ಟೋ ವಿವರ ಆಮೇಲೆ ಬದಲಾಗಿದೆ. ಮೂಲದ ಮಾತು ಮಾತ್ರ ನಿಂತಿದೆ: ನೋವು ಗಾಯದಿಂದ ಮಿದುಳಿಗೆ ನೇರ ಎಳೆದ ತಂತಿಯಲ್ಲ.

ಆದ್ದರಿಂದ ಮಾಲೀಶಿನಿಂದ ಮೈಯೊಳಗಿನ ವಿಷ ಹೊರಗೆ ಹೋಗುತ್ತದೆ ಅಂತ ಬೋರ್ಡು ಹಾಕುವವರ ಮಾತಿಗೆ ಆಧಾರವಿಲ್ಲ. ಆ ಆರಾಮದ ಬಹುಪಾಲು ನರ, ಬೆನ್ನುಹುರಿ, ಮಿದುಳು ಸೇರಿ ಮಾಡುವ ಕೆಲಸ. ಅದು ಸಣ್ಣ ಕೆಲಸವಲ್ಲ. 1986ರಲ್ಲಿ ಅಮೆರಿಕದಲ್ಲಿ ಟಿಫನಿ ಫೀಲ್ಡ್ ತಂಡ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಮೈಯನ್ನು ದಿನಕ್ಕೆ ಮೂರು ಸಲ, ಹದಿನೈದು ಹದಿನೈದು ನಿಮಿಷ, ಹತ್ತು ದಿನ ನೀವಿತು. ಬರೀ ಪೆಟ್ಟಿಗೆಯಲ್ಲಿದ್ದ ಕೂಸುಗಳಿಗಿಂತ ಅವುಗಳ ತೂಕ ದಿನಕ್ಕೆ 47% ಹೆಚ್ಚಾಗಿ ಏರಿತು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲ ಪ್ರಕಟವಾಯಿತು. ತೂಕ ಕಮ್ಮಿ ಇರುವ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗಿಸಿ ಇಟ್ಟರೆ, ಮೊದಲ 28 ದಿನಗಳಲ್ಲಿ ಸಾಯುವ ಮಕ್ಕಳು ನೂರಕ್ಕೆ 15.7ರಿಂದ 12ಕ್ಕೆ ಇಳಿದರು. ಸ್ಪರ್ಶ ಅನ್ನೋದು ಕವಿಗಳ ವಿಷಯ ಮಾತ್ರ ಅಲ್ಲ. ಅದು ಬದುಕು–ಸಾವಿನ ವಿಷಯ.

ಇಲ್ಲಿ ಒಂದು ಎಚ್ಚರದ ಮಾತು. ನಮ್ಮ ಅಜ್ಜಿಯರಿಗೆ ಎಲ್ಲಾ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ನೀವಿದರೆ ಮೂಗು ಎತ್ತರ ಆಗೋದಿಲ್ಲ. ಕುಡುಗೋಲಲ್ಲಿ ಹೊಕ್ಕಳು ಕೊಯ್ದು ಧನುರ್ವಾಯು ಬಂದು ಸತ್ತ ಕೂಸುಗಳು ನಮ್ಮ ಹಟ್ಟಿಯಲ್ಲೇ ಇದ್ದವು. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೇದೇ. ಆದರೆ ಆ ಕೈಗಳ ಕಸುಬನ್ನು ನಾಡು ಗುರುತಿಸಲು ಎಷ್ಟು ಕಾಲ ಬೇಕಾಯಿತು ನೋಡಿ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಎಪ್ಪತ್ತು ವರ್ಷ ದುಡ್ಡು ಮುಟ್ಟದೆ ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಮಿಕ್ಕ ಸಾವಿರಾರು ಜನರ ಹೆಸರು ಅವರ ಮೊಮ್ಮಕ್ಕಳಿಗೆ ಮಾತ್ರ ಗೊತ್ತು.

ಈಗ ಗಂಟಿನ ಪ್ರಶ್ನೆ. ಚರ್ಮಕ್ಕೆ ಜಾತಿ ಗೊತ್ತಿಲ್ಲ ಅಂದಮೇಲೆ, 'ಮೈಯೆಲ್ಲಾ ಮುಳ್ಳೇಳುತ್ತೆ' ಅಂತ ಹೇಳುವ ಮಡಿವಂತ ಸುಳ್ಳು ಹೇಳುತ್ತಾನಾ? ನಾಟಕ ಮಾಡುತ್ತಾನಾ?

ಇಲ್ಲ ಅಂತ ಕಾಣುತ್ತೆ. ಅದೇ ಭಯಂಕರ ಸಂಗತಿ.

2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕೇಳಿ. ಗಂಡಸರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಕಾಲನ್ನು ನೇವರಿಸಿದರು. ಮುಟ್ಟುವವರು ಹೆಂಗಸು ಅಂತ ಒಮ್ಮೆ ಚಿತ್ರ ತೋರಿಸಿದರು, ಗಂಡಸು ಅಂತ ಒಮ್ಮೆ. ನಿಜವಾಗಿ ಮುಟ್ಟಿದ್ದು ಎರಡು ಸಲವೂ ಒಬ್ಬಳೇ ಹೆಂಗಸು. ಆದರೆ ಮಲಗಿದ್ದವರು ಒಂದನ್ನು ಹಿತ ಅಂದರು, ಇನ್ನೊಂದಕ್ಕೆ ಮುಜುಗರ ಪಟ್ಟರು. ಅಷ್ಟೇ ಅಲ್ಲ, ಸ್ಪರ್ಶವನ್ನು ಮೊಟ್ಟಮೊದಲು ಬರಮಾಡಿಕೊಳ್ಳುವ ಮಿದುಳಿನ ಪದರದಲ್ಲೇ ವ್ಯತ್ಯಾಸ ಕಂಡಿತು. ಅಂದರೆ ಯಾರು ಮುಟ್ಟಿದರು ಎಂಬ ನಂಬಿಕೆ, ಮುಟ್ಟಿದ ಅನುಭವದ ಮೇಲೆ ಆಮೇಲೆ ಬಳಿದ ಬಣ್ಣವಲ್ಲ. ಅನುಭವ ಹುಟ್ಟುವಾಗಲೇ ಅದರಲ್ಲಿ ಬೆರೆತಿರುತ್ತದೆ.

ಇದಕ್ಕೆ ಸ್ಕ್ಯಾನೂ ಬೇಕಿಲ್ಲ. ಗೆಳೆಯ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟರೆ ಏನಾಗುತ್ತೆ, ಪೊಲೀಸಿನವನು ಇಟ್ಟರೆ ಏನಾಗುತ್ತೆ? ಭಾರ ಒಂದೇ, ಹೆಗಲು ಒಂದೇ. ಚಳವಳಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಡಿವಂತನಿಗೆ ಹೇಸಿಗೆ ನಿಜವಾಗಿಯೇ ಆಗುತ್ತಿರಬಹುದು. 'ನೋಡಿ, ನನ್ನ ತಪ್ಪಲ್ಲ, ನನ್ನ ಮಿದುಳೇ ಹಾಗೆ, ಪ್ರಕೃತಿ' ಅಂತ ನಾಳೆ ಅವನು ವಿಜ್ಞಾನವನ್ನೇ ಎತ್ತಿ ಹಿಡಿಯಬಹುದು. ಪುರೋಹಿತಶಾಹಿ ಯಾವ ಆಯುಧವನ್ನೂ ಬಿಟ್ಟಿಲ್ಲ. ಅದಕ್ಕೆ ಉತ್ತರ ನಮ್ಮ ಅಜ್ಜಿಯ ಬಚ್ಚಲಲ್ಲೇ ಇದೆ. ಹತ್ತು ದಿನದ ಕೂಸಿಗೆ ಆ ಕೈ ಮೈಲಿಗೆ ಅನ್ನಿಸಲಿಲ್ಲ. ಅದು ಆ ಕೈಯೊಳಗೆ ನಿದ್ದೆ ಮಾಡಿತು. ಆಮೇಲೆ ಯಾರೋ ಕಲಿಸಿದರು. 'ಥೂ, ಅವಳನ್ನ ಮುಟ್ಟಬೇಡ' ಅಂತ ಕೈ ಜಗ್ಗಿದರು, ಸ್ನಾನ ಮಾಡಿಸಿದರು, ಬಟ್ಟೆ ಬದಲಾಯಿಸಿದರು. ಹೇಸುವ ಶಕ್ತಿ ಹುಟ್ಟಿನಿಂದ ಬಂದಿರಬಹುದು. ಯಾರನ್ನು ಕಂಡು ಹೇಸಬೇಕು ಅನ್ನೋದು ಪಾಠ. ಪಾಠ ಕಲಿತ ಮಿದುಳು ಬೇರೆ ಪಾಠವನ್ನೂ ಕಲಿಯಬಲ್ಲದು.

ಇನ್ನೂ ಒಂದು ಮಾತು. ಆ ಮನೆಯ ದೊಡ್ಡವರಿಗೆ ಹತ್ತು ದಿನ ಆ ಹೇಸಿಗೆ ಎಲ್ಲಿ ಹೋಗಿತ್ತು? ಸೊಂಟ ಬಿದ್ದುಹೋದ ಹಾಗೆ ನೋಯುವಾಗ ಗೌಡತಿಗೆ ಆ ಕೈ ಬೇಕಿತ್ತು. ಬೇಕಾದಾಗ ಮುಚ್ಚಿಕೊಂಡು, ಬೇಡವಾದಾಗ ತೆರೆದುಕೊಳ್ಳುವ ಹೇಸಿಗೆ ಪ್ರಕೃತಿ ಅಲ್ಲ, ಅದು ಯಜಮಾನಿಕೆ. ಕೆಲಸ ಮಾಡುವ ಕೈ ಮೈಲಿಗೆಯಲ್ಲ, ಕೂಲಿ ಕೇಳುವ ಕೈ ಮೈಲಿಗೆ. ಎಣ್ಣೆ ಹಚ್ಚೋಕೆ ಮುಟ್ಟಿದರೆ ಸೇವೆ, ಕುಶಲ ಕೇಳೋಕೆ ಮುಟ್ಟಿದರೆ ಅಪರಾಧ. ಅಸ್ಪೃಶ್ಯತೆ ಅಂದರೆ ಮುಟ್ಟದೆ ಇರುವುದು ಅಂತ ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಯಾರು, ಯಾವಾಗ, ಯಾವ ಕೆಲಸಕ್ಕೆ ಮುಟ್ಟಬೇಕು ಅಂತ ತೀರ್ಮಾನಿಸುವ ಹಕ್ಕು ಒಬ್ಬನ ಕೈಯಲ್ಲೇ ಇರೋದು ಅಸ್ಪೃಶ್ಯತೆ.

ನೋವಿನ ವಿಚಾರದಲ್ಲೂ ಇದೇ ಯಜಮಾನಿಕೆ ನಡೆದಿದೆ. 'ಅವರ ಮೈ ಗಟ್ಟಿ', 'ಅವರಿಗೆಲ್ಲಾ ಅಭ್ಯಾಸ', 'ಹೊಲದಲ್ಲೇ ಹೆತ್ತು ಬರ್ತಾರೆ' — ಈ ಮಾತು ಕೇಳದೆ ಬೆಳೆದ ಹಟ್ಟಿ ಹೆಣ್ಣು ಯಾರಿದ್ದಾಳೆ? ಹೆರಿಗೆ ವಾರ್ಡಿನಲ್ಲಿ ಕೂಗಿಕೊಂಡರೆ ಗದರಿಸಿಕೊಂಡವರನ್ನು ನಾನು ಬಲ್ಲೆ. ಈ ಸುಳ್ಳು ನಮ್ಮ ದೇಶದ್ದು ಮಾತ್ರ ಅಲ್ಲ. ಅಮೆರಿಕದಲ್ಲಿ 1840ರ ದಶಕದಲ್ಲಿ ಮೇರಿಯನ್ ಸಿಮ್ಸ್ ಎಂಬ ಡಾಕ್ಟರು ಕಪ್ಪು ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿ ವಿದ್ಯೆ ಕಲಿತ. ಅನಾರ್ಕಾ ಎಂಬ ಹುಡುಗಿ ಒಬ್ಬಳ ಮೇಲೇ ಸುಮಾರು ಮೂವತ್ತು ಸಲ. ಅವನ ಪ್ರತಿಮೆಯನ್ನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ತೆಗೆದದ್ದು 2018ರಲ್ಲಿ. ಹೋಯಿತು ಆ ಕಾಲ ಅನ್ನೋಣವೆಂದರೆ, 2016ರಲ್ಲಿ ವರ್ಜೀನಿಯಾದ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದವರು ಸುಮಾರು ಅರ್ಧದಷ್ಟು ಇದ್ದರು. ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು. ಮೊದಲು ಹೆಚ್ಚು ದುಡಿಸಬೇಕು, ಹೆಚ್ಚು ಹೊಡೆಯಬೇಕು. ಆಮೇಲೆ 'ಅವರಿಗೆ ನೋಯಲ್ಲ' ಅನ್ನಬೇಕು. ಗುಲಾಮಗಿರಿಗೂ ಜಾತಿಗೂ ವ್ಯಾಕರಣ ಒಂದೇ.

ಇಲ್ಲಿ ನಮ್ಮ ವಿದ್ಯಾರ್ಥಿ ಗೆಳೆಯರು ಬೀಳಬಹುದಾದ ಒಂದು ಗುಂಡಿಯ ಬಗ್ಗೆ ಹೇಳಬೇಕು. 2003ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ. ನಡುವೆ ಒಬ್ಬರಿಗೆ ಚೆಂಡು ಕೊಡೋದನ್ನೇ ನಿಲ್ಲಿಸಿಬಿಟ್ಟರು. ಹೊರಗಿಟ್ಟಾಗ, ಮೈ ನೊಂದಾಗ ಎಚ್ಚರಗೊಳ್ಳುವ ಮಿದುಳಿನ ಜಾಗವೇ ಎಚ್ಚರಗೊಂಡಿತು ಅಂತ ವರದಿ ಬಂತು. ಅವಮಾನವೂ ಮೈನೋವೂ ಒಂದೇ ಅಂತ ಸುದ್ದಿಯಾಯಿತು. ನಾವೂ ಸಂತೋಷಪಟ್ಟೆವು: ನೋಡಿ, ಸಾಕ್ಷಿ ಸಿಕ್ಕಿತು! ಆದರೆ 2014ರ ಇನ್ನೊಂದು ಅಧ್ಯಯನ, ಜಾಗ ಒಂದೇ ಆಗಿ ಕಂಡರೂ ಒಳಗಿನ ನೇಯ್ಗೆ ಬೇರೆ ಬೇರೆ ಅಂತ ತೋರಿಸಿತು. ವಿಜ್ಞಾನ ನಡೆಯೋದೇ ಹೀಗೆ. ಅದು ಸರಿ. ನಾನು ಕೇಳೋದು ಬೇರೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ ಆದ ನೋವಿಗೆ ಸ್ಕ್ಯಾನಿನ ಸರ್ಟಿಫಿಕೇಟು ಯಾಕೆ ಬೇಕು? ನಾಳೆ ಇನ್ನೊಂದು ಯಂತ್ರ ಬಂದು 'ಆ ಜಾಗ ಬೆಳಗಲಿಲ್ಲ' ಅಂದರೆ ನಮ್ಮ ಅವಮಾನ ಸುಳ್ಳಾಗುತ್ತಾ?

ನೋವನ್ನು ಅಭ್ಯಾಸ ಮಾಡುವವರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿತು. ನೋವು ಯಾವಾಗಲೂ ಅವರವರ ಅನುಭವ, ಅದನ್ನು ಮೈ, ಮನಸ್ಸು, ಸಮಾಜ ಮೂರೂ ರೂಪಿಸುತ್ತವೆ, ನೋಯುತ್ತಿದೆ ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತ ಅದರ ಜೊತೆಯ ಟಿಪ್ಪಣಿಗಳು ಹೇಳುತ್ತವೆ. ಒಳ್ಳೇ ಮಾಲೀಶಿನವರು ಇದನ್ನು ಮೊದಲಿಂದಲೂ ಬಲ್ಲರು. ಅವರು ಒತ್ತುವ ಮುಂಚೆ 'ಇಲ್ಲಾ ನೋವು? ಜಾಸ್ತಿ ಆಯ್ತಾ?' ಅಂತ ಕೇಳುತ್ತಾರೆ, ಉತ್ತರ ನಂಬುತ್ತಾರೆ. ಇಡೀ ನೀತಿಶಾಸ್ತ್ರ ಈ ಎರಡು ಮಾತಲ್ಲಿದೆ. ಕೇಳು, ನಂಬು. ಮೇಲ್ಜಾತಿ ಸಮಾಜ ನಮ್ಮ ವಿಚಾರದಲ್ಲಿ ಮಾಡದೆ ಉಳಿದದ್ದು ಈ ಎರಡನ್ನೇ.

ಮುಟ್ಟಿಬಿಟ್ಟರೆ ಸಾಕು ಅನ್ನುವ ಸುಧಾರಕರಿಗೂ ಒಂದು ಮಾತಿದೆ. ಅನಂತಮೂರ್ತಿಯವರ 'ಭಾರತೀಪುರ'ದಲ್ಲಿ ಜಗನ್ನಾಥ ಹೊಲೆಯರ ಕೈಲಿ ಸಾಲಿಗ್ರಾಮ ಮುಟ್ಟಿಸಲು ಹೋಗುತ್ತಾನೆ. ಅವರು ಹೆದರುತ್ತಾರೆ, ಇವನು ಗದರಿಸುತ್ತಾನೆ. ಗದರಿಸಿ ಮುಟ್ಟಿಸಿದ್ದು ಮತ್ತೊಂದು ಆಳ್ವಿಕೆ ಅಷ್ಟೆ. ಇವತ್ತು ಕ್ಯಾಮರಾ ಕರೆದುಕೊಂಡು ಬಂದು ನಮ್ಮ ಕೇರಿಯಲ್ಲಿ ಊಟ ಮಾಡಿ, ಹೆಗಲ ಮೇಲೆ ಕೈ ಹಾಕಿ ಹೋಗುವವರದೂ ಹೀಗೇ. ನಮ್ಮನ್ನು ಮುಟ್ಟಿ ಅಂತ ನಾವು ಯಾರನ್ನೂ ಬೇಡುತ್ತಿಲ್ಲ. ಮುಟ್ಟುವ ಹಕ್ಕು, ಬೇಡ ಅನ್ನುವ ಹಕ್ಕು, ಮುಟ್ಟಿ ಮಾಡಿದ ಕೆಲಸಕ್ಕೆ ಕೂಲಿ ಕೇಳುವ ಹಕ್ಕು ಮೂರೂ ಒಟ್ಟಿಗೆ ಬರಬೇಕು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಎಪ್ಪತ್ತು ವರ್ಷದ ಮೇಲಾಯಿತು. 2011–12ರಲ್ಲಿ ದೇಶದಾದ್ಯಂತ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ, ತಮ್ಮ ಮನೆಯಲ್ಲಿ ಯಾವುದೋ ಒಂದು ರೂಪದಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಅಂತ ಬಾಯಿಬಿಟ್ಟು ಒಪ್ಪಿಕೊಂಡ ಮನೆಗಳೇ ನೂರಕ್ಕೆ 27. ಒಪ್ಪದವರ ಲೆಕ್ಕ ಅವರವರ ಅಡುಗೆಮನೆಯಲ್ಲಿದೆ. ಕಾನೂನು ಕೈಯನ್ನು ತಡೆಯಬಲ್ಲದು, ತಡೆಯಲೇಬೇಕು. ಮೈಲಿಗೆಯ ಪಾಠ ಕಲಿತ ಮಿದುಳಿಗೆ ಬೇರೆ ಪಾಠ ಸಿಗುವ ಜಾಗಗಳೂ ಬೇಕು.

ಆ ಜಾಗಗಳಲ್ಲಿ ಒಂದು ಶಾಲೆ. ಹಳ್ಳಿ ಮೇಷ್ಟರುಗಳೇ, ಇದು ನಿಮಗೆ. ಸ್ಲೇಟು ತಿದ್ದುವಾಗ ಯಾವ ಮಗುವಿನ ಕೈ ಹಿಡಿದು ಬರೆಸುತ್ತೀರಿ, ಯಾವ ಮಗುವಿಗೆ ದೂರದಿಂದ 'ಹಾಗಲ್ಲ ಕಣೋ' ಅನ್ನುತ್ತೀರಿ? ಬಿದ್ದು ಅಳುವ ಯಾವ ಮಗುವಿನ ಮಂಡಿ ನೀವು ಉಜ್ಜುತ್ತೀರಿ? ಬಿಸಿಯೂಟಕ್ಕೆ ಮಕ್ಕಳು ಹೇಗೆ ಕೂರುತ್ತಾರೆ? ಆರು ವರ್ಷದ ಮಗು ಇದನ್ನೆಲ್ಲಾ ನೋಡುತ್ತಿರುತ್ತದೆ. ಮಾತಿಲ್ಲದೆ ಮೈ ಕಲಿಯುತ್ತಿರುತ್ತದೆ, ಎರಡೂ ಕಡೆಯ ಮಗು. ಒಂದು ತಾನು ಮುಟ್ಟಬಾರದವರು ಯಾರು ಅಂತ, ಇನ್ನೊಂದು ತನ್ನನ್ನು ಯಾರೂ ಮುಟ್ಟುವುದಿಲ್ಲ ಅಂತ.

ಕೊನೆಗಾಲದಲ್ಲಿ ಅಜ್ಜಿಯ ಬೆರಳ ಗಂಟುಗಳು ಊದಿಕೊಂಡಿದ್ದವು. ಊರಿಗೆಲ್ಲಾ ಎಣ್ಣೆ ತಿಕ್ಕಿದ ಕೈಗೆ ಊರಿನಿಂದ ಯಾರೂ ಎಣ್ಣೆ ತಿಕ್ಕಲು ಬರಲಿಲ್ಲ. ರಾತ್ರಿ ನಾನು ಒತ್ತುತ್ತಿದ್ದೆ. ಓದಿದವನಿಗೆ ಅವಸರ ಜಾಸ್ತಿ, ಬೇಗ ಬೇಗ ಉಜ್ಜುತ್ತಿದ್ದೆ. 'ನಿಧಾನ ಕಣ್ ಮಗ, ಕೇಳ್ಕಂಡು ಒತ್ತು' ಅನ್ನುತ್ತಿದ್ದಳು.

ಅವಳು ಸತ್ತ ದಿನ, ಗೆದ್ದು ಪಂಚಾಯ್ತಿ ಮೆಂಬರಾಗಿದ್ದ ಆ ಮನೆಯ ಮಗ ಬಂದಿದ್ದ. ಹೂವಿನ ಹಾರ ತಂದಿದ್ದ. ಅದನ್ನು ತಾನು ಹಾಕಲಿಲ್ಲ, ನನ್ನ ಕೈಗೆ ಕೊಟ್ಟ. ಕೈಗೆ ಕೈ ತಾಗದ ಹಾಗೆ.